ಅಜ್ಜಿಯ ಕೋಳಿಯ ಆರು ಮೊಟ್ಟೆ

ಅಪ್ಪನ ಕೈಗೆ ಕೊಟ್ಟ ಹೊಲಿಗೆ ಮಿಷನ್ನು ಹೇಳಿದ ದಿನಕ್ಕೆ ವಾಪಸ್ ಬಂದದ್ದನ್ನು, ಒಂದು ವರ್ಷದ ಕೆಲವು ತಿಂಗಳು ಬಿಟ್ಟರೆ, ನಾನಂತೂ ಕಂಡಿಲ್ಲ. ಕೆಲಸ ಗೊತ್ತಿಲ್ಲ ಅಂತಲ್ಲ. ರಸ್ತೆಯಲ್ಲಿ ನಡೆದುಹೋಗುವಾಗ ಯಾರದೋ ಮನೆಯೊಳಗಿನ ಮಿಷನ್ ಸದ್ದು ಕೇಳಿ, ಅದರ ಬೆಲ್ಟ್ ಸಡಿಲವಾಗಿದೆಯೋ ಶಟಲ್ ಸವೆದಿದೆಯೋ ಹೇಳಿಬಿಡುತ್ತಾನೆ. ಹೇಳಿದ ಮೇಲೆ ಕೈ ಹಚ್ಚಬೇಕಲ್ಲ, ಅದು ನಾಳೆ. ಟೈಲರುಗಳು ಬಂದು ಬಾಗಿಲಲ್ಲಿ ನಿಂತರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎತ್ತಿ ತೋರಿಸಿ, "ನಾಳೆ ಬೆಳಿಗ್ಗೆ ಫಸ್ಟ್ ನಿಂದೇ" ಅನ್ನುತ್ತಾನೆ. ಒಂದೇ ಬೆಳಿಗ್ಗೆಗೆ ಹೀಗೆ ಹತ್ತು ಜನ ಫಸ್ಟ್. ಊರಿನಲ್ಲಿ ಅವನ ಹೆಸರೇ ನಾಳೆ ಮೇಸ್ತ್ರಿ. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಜಾರಿಲ್ಲ, ಬಿರುದು ಕೊಟ್ಟರೇನೋ ಎಂಬಂತೆ ನಗುತ್ತಾನೆ.

ಅಂಗಡಿಯ ಮುಂಭಾಗದಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ, ಹಿಂಭಾಗ ಅವನದು. ಹೀಗಾಗಿ ಬಂದವರ ಬೈಗುಳವೆಲ್ಲ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಅವನಿಗೆ ತಲುಪುತ್ತದೆ. ಮಗಳ ನಾಲಿಗೆ ಖಾರ ಅಂತ ಅಮ್ಮ ದೂರುವುದುಂಟು. ಇಷ್ಟು ವರ್ಷ ಅಲ್ಲಿ ಕೂತರೆ ಅವಳ ನಾಲಿಗೆಯೂ ಖಾರವಾಗುತ್ತಿತ್ತು.

ಕೋಳಿ ವಿಷಯಕ್ಕೆ ಬಂದರೆ ಮಾತ್ರ ಅಪ್ಪ ಬೇರೆಯೇ ಮನುಷ್ಯ. ಅಂಗಡಿಯ ಹಿಂದಿನ ಹಿತ್ತಿಲಲ್ಲಿ ಸಿಲ್ಕಿ ಕೋಳಿ ಸಾಕಿದ್ದಾನೆ. ನೋಡಿಲ್ಲದವರಿಗೆ ಹೇಳಬೇಕೆಂದರೆ, ಹಿಂಜಿದ ಹತ್ತಿಯ ಉಂಡೆಗೆ ಕಾಲು ಬಂದ ಹಾಗಿರುತ್ತದೆ. ಗರಿ ಗರಿಯಂತಿರುವುದಿಲ್ಲ, ಬೆಕ್ಕಿನ ಮರಿಯ ತುಪ್ಪಳದಂತಿರುತ್ತದೆ. ಒಳಗಿನ ತೊಗಲು ಕಪ್ಪು. ಕಾಲಿನ ಮೇಲೂ ಕೂದಲು, ಬೇರೆ ಕೋಳಿಗೆ ನಾಲ್ಕು ಬೆರಳಾದರೆ ಇದಕ್ಕೆ ಐದು. ಹಾರಲು ಬರುವುದಿಲ್ಲ, ಜಗಳವಾಡಲು ಬರುವುದಿಲ್ಲ. ಬರುವುದು ಕಾವಿಗೆ ಕೂರುವುದೊಂದೇ. ಎಳೆ ಕೋಳಿ ಆಗತಾನೆ ಮೊಟ್ಟೆಯಿಡಲು ಕಲಿತು ಹತ್ತು ಹನ್ನೆರಡು ಇಟ್ಟಿತೋ ಇಲ್ಲವೋ, ಸಾಕಪ್ಪಾ ಅಂತ ಕೂತೇಬಿಡುತ್ತದೆ. ಮೊಟ್ಟೆ ಇದ್ದರೆ ಮೊಟ್ಟೆಯ ಮೇಲೆ, ಇಲ್ಲದಿದ್ದರೆ ಕಲ್ಲಿನ ಮೇಲೆ, ಅದೂ ಸಿಗದಿದ್ದರೆ ಬರೀ ನೆಲದ ಮೇಲೆ.

ಊರಲ್ಲಿ ಕೋಳಿ ಸಾಕುವವರಿಗೆಲ್ಲ ಇದು ಅನುಕೂಲ. ತಮ್ಮ ಕೋಳಿ ಕಾವಿಗೆ ಕೂರದಿದ್ದರೆ ಹುಂಜ ಕೂಡಿದ ಮೊಟ್ಟೆ ಹಿಡಿದು ಅಪ್ಪನ ಹತ್ತಿರ ಬರುತ್ತಾರೆ. ಅಪ್ಪ ಮರಿ ಮಾಡಿಸಿ ಕೊಡುತ್ತಾನೆ. ಪ್ರತಿಯಾಗಿ ಏನೂ ಬೇಡ, ಟೀ ಅಂಗಡಿಯಲ್ಲಿ ಅವನು ಕೊಚ್ಚಿಕೊಳ್ಳುವಾಗ ಅವರು ತಲೆಯಾಡಿಸಿದರೆ ಸಾಕು. "ಮನುಷ್ಯರಿಗಾದ್ರೆ ಮಗು ಎತ್ತಿಕೊಳ್ಳೋದನ್ನ ಹೇಳಿಕೊಡ್ಬೇಕು. ನನ್ನ ಕೋಳಿಗೆ ಅದೂ ಬೇಡ" ಅನ್ನುತ್ತಿದ್ದ. ಹಳೆಯ ಹೊಲಿಗೆ ಮಿಷನ್ನುಗಳ ಮೇಲೆ ಕವಚುವ ಮರದ ಮುಚ್ಚಳ ಇರುತ್ತದಲ್ಲ, ಅದನ್ನು ಪಕ್ಕಕ್ಕೆ ಮಲಗಿಸಿ, ಒಳಗೆ ಹುಲ್ಲು ಹಾಸಿ, ಬಾಯಿಗೊಂದು ಗೋಣಿಚೀಲದ ಪರದೆ ಕಟ್ಟಿ ಗೂಡು ಮಾಡಿದ್ದ. ಕತ್ತಲಿದ್ದರೆ ಕೋಳಿ ನೆಮ್ಮದಿಯಾಗಿ ಕೂರುತ್ತದೆ ಎಂಬ ಲೆಕ್ಕ. ಎಲ್ಲ ಗೂಡೂ ಒಂದೇ ಅಳತೆ, ಒಂದೇ ಬಣ್ಣ, ಸಾಲಾಗಿ ಗೋಡೆಗೆ ಆನಿಸಿಟ್ಟಿದ್ದ.

ಮೊದಲ ಸಲ ಕೂರುವ ಎಳೆಯದನ್ನು ನಂಬಬಾರದು ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವನೂ ಅವನೇ. ಮೊದಲು ಆಟದ ಪ್ಲಾಸ್ಟಿಕ್ ಚೆಂಡು ಇಟ್ಟು ನಾಲ್ಕು ದಿನ ನೋಡಬೇಕು. ಮೇಯಲು ಎದ್ದುಹೋದದ್ದು ತಪ್ಪದೆ ಅದೇ ಗೂಡಿಗೆ ವಾಪಸ್ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಚೆಂಡು ತೆಗೆದು ಮೊಟ್ಟೆ ಇಡಬೇಕು. ಈ ಪಾಠ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

ಅಪ್ಪನಿಗೆ ಒಬ್ಬಳೇ ಅಕ್ಕ, ನನ್ನ ಅತ್ತೆ. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳುವ ಧೈರ್ಯ ಇವತ್ತಿನವರೆಗೂ ಯಾರಿಗೂ ಬಂದಿಲ್ಲ. ಊರಿನ ಆ ತುದಿಯಲ್ಲಿ, ರೈಲ್ವೆ ಗೋದಾಮಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಅಜ್ಜಿ ಕೊನೆಯವರೆಗೂ ಇದ್ದದ್ದು ಅವಳ ಜೊತೆಯಲ್ಲೇ. ಎಬ್ಬಿಸಿದ್ದು, ಉಣಿಸಿದ್ದು, ಹಾಸಿಗೆ ಬದಲಿಸಿದ್ದು ಎಲ್ಲ ಅತ್ತೆ. ಅಪ್ಪ ಮಾಡಿದ್ದು ಏನೆಂದರೆ ಬರುತ್ತೇನೆ ಎಂದು ಹೇಳಿದ್ದು. ಅದನ್ನು ಮಾತ್ರ ತಪ್ಪದೆ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ಫೋನ್ ಮಾಡಿ, "ಅಮ್ಮ ನಿನ್ನ ಕೇಳ್ತಿದಾಳೆ, ಬಾ" ಅಂದಳು. ಅಪ್ಪನ ಬಾಯಿಂದ ರೂಢಿಯ ಮಾತೇ ಹೊರಬಿತ್ತು. "ನಾಳೆ ಬರ್ತೀನಿ ಅಕ್ಕಾ." ಹೇಳಿದ ಹಾಗೆಯೇ ಮರುದಿನ ಹೋದ. ಅಜ್ಜಿ ಇರಲಿಲ್ಲ. ಅತ್ತೆ ಆವತ್ತು ಅವನಿಗೆ ಒಂದು ಮಾತೂ ಅನ್ನಲಿಲ್ಲ. ನಾಲ್ಕು ಜನರ ಎದುರು ಉಗಿದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸುಮ್ಮನಿದ್ದದ್ದನ್ನು ತಡೆದುಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿಂದಾಚೆ ಆ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ.

ಅಜ್ಜಿ ಹೋದ ಮೇಲೆ ಉಳಿದದ್ದು ಅವಳ ಕೋಳಿಗಳು. ಮೈತುಂಬ ಚುಕ್ಕೆ, ಹಳದಿ ಕಾಲು. ಅಜ್ಜಿ ತನ್ನ ತಾಯಿಯಿಂದ ತಂದ ಜೋಡಿಯಿಂದ ಬೆಳೆದು ಬಂದವು, ಹೊರಗಿನ ಹುಂಜ ಸೇರದ ಹಾಗೆ ಅವಳು ಕಾದುಕೊಂಡಂಥವು. ಒಂದೇ ದೋಷವೆಂದರೆ ಮರಿ ಮಾಡಿಸಲು ಓಣಿಯ ಬೇರೆಯವರ ಕೋಳಿ ಬೇಕು, ಕಾವಿಗೆ ಕೂರಲು ಅವಕ್ಕೆ ತಾಳ್ಮೆಯಿಲ್ಲ. ಅಪ್ಪನ ವಂಶವಿರಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಅಜ್ಜಿ ಹೋದ ಮರುವರ್ಷ ಒಂದು ಬೆಳಿಗ್ಗೆ ಅತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಊಟದ ಡಬ್ಬಿ, ಒಳಗೆ ಹಳೆ ಬಟ್ಟೆ, ಬಟ್ಟೆಯೊಳಗೆ ಆರು ಮೊಟ್ಟೆ.

"ನಾಯಿಗಳು ಗೂಡು ಮುರಿದುಬಿಟ್ವು" ಅಂದಳು. "ಒಂದು ಕೋಳಿನೂ ಉಳೀಲಿಲ್ಲ. ಹುಂಜಾನೂ ಹೋಯ್ತು. ಇವು ಅದಕ್ಕೆ ಮುಂಚೆ ತೆಗೆದಿಟ್ಟಿದ್ದ ಮೊಟ್ಟೆ. ನಿನ್ನ ಕೋಳಿ ಚೆನ್ನಾಗಿ ಕೂರುತ್ತಂತಲ್ಲ. ಮರಿ ಮಾಡಿಸಿಕೊಡ್ತೀಯಾ?"

ನನಗೆ ನೆನಪಿರುವಂತೆ ಅತ್ತೆ ತನಗೆಂದು ಅಪ್ಪನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಮುಖ ನೋಡಿದರೆ ಅಳುತ್ತಾನೋ ನಗುತ್ತಾನೋ ಹೇಳಲಾಗುತ್ತಿರಲಿಲ್ಲ.

"ಅಕ್ಕಾ, ನೀನು ಹೇಳೋದು ಹೆಚ್ಚಾ, ನಾನು ಮಾಡೋದು ಹೆಚ್ಚಾ? ಈಗ್ಲೇ ಇಡ್ತೀನಿ, ನಿನ್ನ ಕಣ್ಣೆದುರಿಗೇ ಇಡ್ತೀನಿ, ಬಾ."

ಆವತ್ತು ಹಿತ್ತಿಲಲ್ಲಿ ಮೂರು ಕೋಳಿ ಕಾವಿನಲ್ಲಿದ್ದವು. ಒಂದು ಹಳೆಯ ಕಂದು ಕೋಳಿ, ಹಲವು ಸಲ ಮರಿ ಮಾಡಿದ ಅನುಭವಸ್ಥೆ, ನಮ್ಮದೇ ಮೊಟ್ಟೆಗಳ ಮೇಲೆ ಆಗತಾನೆ ಕೂತಿತ್ತು. ಉಳಿದೆರಡು ಬಿಳಿ ಎಳೆಯವು, ಅಕ್ಕತಂಗಿ, ಅಪ್ಪ ಅಂಗೈಯಲ್ಲಿ ಕಾಳು ಹಿಡಿದು ಬೆಳೆಸಿದವು. ಅವುಗಳಲ್ಲಿ ಒಂದರ ಕೆಳಗೆ ಚೆಂಡು ಇಟ್ಟಿದ್ದ. ಇನ್ನೊಂದು ಹಿಂದಿನ ದಿನವಷ್ಟೇ ಕೂತಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಅಪ್ಪ ಅದರ ಪರದೆಯನ್ನೇ ಎತ್ತಿದ.

"ಕಂದು ಕೋಳಿ ಕೆಳಗಿಡಪ್ಪ" ಅಂದೆ. "ಅದರ ಮೊಟ್ಟೆ ತೆಗೆದರಾಯ್ತು."

"ಅದು ಎಲ್ಲರ ಮೊಟ್ಟೆಗೂ ಕೂತಿದೆ. ಅಕ್ಕನ ಮೊಟ್ಟೆಗೆ ನಾನು ಕೈಯಾರೆ ಬೆಳೆಸಿದ್ದೇ ಕೂರ್ಲಿ."

"ಚೆಂಡಾದ್ರೂ ಇಟ್ಟು ನೋಡಲ್ವಾ?"

"ನನ್ನ ಕೋಳಿ ನಂಗೆ ಗೊತ್ತಿಲ್ವೇನೇ?"

ಅತ್ತೆ ಎದುರಿಗಿದ್ದಳು, ನಾನು ಬಾಯಿ ಮುಚ್ಚಿದೆ. ಅಪ್ಪ ಒಂದೊಂದೇ ಮೊಟ್ಟೆಯನ್ನು ಬಿಳಿ ಕೋಳಿಯ ಎದೆಯ ಕೆಳಗೆ ಸರಿಸಿದ. ಅದು ಮೈಯುಬ್ಬಿಸಿ, ಕೊಕ್ಕಿನಿಂದ ಒಳಗೆ ಎಳೆದುಕೊಂಡು, ಕಣ್ಣು ಅರೆಮುಚ್ಚಿತು. ನೋಡಲು ಚೆಂದವೇ ಇತ್ತು. ಅಪ್ಪ ಅಕ್ಕನ ಕಡೆ ತಿರುಗಿ ಹುಬ್ಬು ಹಾರಿಸಿದ. ಅತ್ತೆ ತಲೆಯಾಡಿಸಿ ಬಸ್ಸಿಗೆ ಹೊರಟಳು.

ಮೊದಲ ವಾರ ಅಪ್ಪ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದೊಂದು ಬಾಕಿ. ವಾರ ಕಳೆದ ಮೇಲೆ ಕತ್ತಲ ಕೋಣೆಯಲ್ಲಿ ಮೊಟ್ಟೆಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದ. ಆರಕ್ಕೆ ಆರರಲ್ಲೂ ಜೇಡನ ಬಲೆಯಂತೆ ಕೆಂಪು ನರಗಳು, ನಡುವೆ ಮಿಸುಕುವ ಚುಕ್ಕೆ. ಕೂಡಲೇ ಫೋನ್ ಮಾಡಿದ.

"ಅಕ್ಕಾ, ಆರೂ ಜೀವ ಹಿಡಿದಿವೆ! ಒಂದೂ ಹಾಳಾಗಿಲ್ಲ!"

ಆ ಕಡೆಯಿಂದ ಅತ್ತೆ, "ದಿನಾ ನೋಡ್ತಿರು" ಅಂದಳಂತೆ. "ನೋಡ್ದೆ ಇರ್ತೀನಾ?" ಅಂದ ಅಪ್ಪ.

ನೋಡಲಿಲ್ಲ. ಬಟ್ಟೆ ಕಾರ್ಖಾನೆಯೊಂದರಲ್ಲಿ ಒಂದಿಡೀ ಸಾಲಿನ ಮಿಷನ್ನುಗಳು ಕೈಕೊಟ್ಟು ಅಪ್ಪನಿಗೆ ಕರೆ ಬಂತು. ಬೆಳಿಗ್ಗೆ ಕಾಳು ಎರಚಿ ಹೋದರೆ ಸಂಜೆ ಸೋತು ಬರುತ್ತಿದ್ದ. ಹಿಂಬಾಗಿಲಲ್ಲಿ ನಿಂತು ಗೂಡುಗಳ ಕಡೆ ಕತ್ತು ಚಾಚಿ, ಇಳಿಬಿಟ್ಟ ಪರದೆಗಳನ್ನು ನೋಡಿ, "ಕೂತಿವೆಯಾ? ಕೂತಿವೆ" ಎಂದು ಪ್ರಶ್ನೆ ಉತ್ತರ ಎರಡನ್ನೂ ತಾನೇ ಹೇಳಿಕೊಂಡು ಟಿವಿ ಮುಂದೆ ಬೀಳುತ್ತಿದ್ದ. ಎತ್ತಿ ನೋಡು ಅಂದರೆ, "ಕಾವಿನ ಕೋಳೀನ ಪದೇ ಪದೇ ಗಾಬರಿ ಮಾಡ್ಬಾರ್ದು, ನಾಳೆ ನೋಡ್ತೀನಿ" ಅನ್ನುವುದು. ಅಮ್ಮ ಕೋಳಿಯ ಉಸಾಬರಿಯಿಂದ ಎಂದೋ ಕೈತೊಳೆದುಕೊಂಡವಳು. ಕಾಳು, ನೀರು ಅಪ್ಪನೇ ಹಾಕಬೇಕು, ಬೇರೆ ಯಾರೂ ಮುಟ್ಟಕೂಡದು ಎಂಬುದು ಅವನದೇ ಕಟ್ಟಪ್ಪಣೆ.

ಮೂರನೆಯ ದಿನ ಕಾರ್ಖಾನೆ ಕೆಲಸ ಮುಗಿದು ಮಧ್ಯಾಹ್ನವೇ ಬಂದ. ಸೀದಾ ಹಿತ್ತಿಲಿಗೆ ಹೋದ. ನಾನು ಅಂಚು ಮಡಿಸುತ್ತಾ ಕೂತಿದ್ದೆ. ಒಳಗಿನಿಂದ ನನ್ನನ್ನು ಕರೆದ ದನಿ ಅಪ್ಪನದು ಅನ್ನಿಸಲಿಲ್ಲ.

ಹೋಗಿ ನೋಡಿದರೆ ಎರಡು ಪರದೆಯನ್ನೂ ಮೇಲೆತ್ತಿ ಹಿಡಿದು ನಿಂತಿದ್ದ. ಒಂದು ಗೂಡಿನಲ್ಲಿ ಆರು ಮೊಟ್ಟೆ, ಮೇಲೆ ಕೋಳಿಯಿಲ್ಲ. ಪಕ್ಕದ ಗೂಡಿನಲ್ಲಿ ಬಿಳಿ ಅಕ್ಕತಂಗಿಗಳು ಒಂದಕ್ಕೊಂದು ಒತ್ತಿಕೊಂಡು, ಕಣ್ಣು ಅರೆಮುಚ್ಚಿಕೊಂಡು, ಪರಮ ಶ್ರದ್ಧೆಯಿಂದ ಕಾವು ಕೊಡುತ್ತಿದ್ದವು. ಅಪ್ಪ ಎರಡನ್ನೂ ಎತ್ತಿದ. ಕೆಳಗೆ, ನಾಲ್ಕು ದಿನಕ್ಕೆ ತೆಗೆಯಬೇಕಾಗಿದ್ದ ಪ್ಲಾಸ್ಟಿಕ್ ಚೆಂಡು.

ಎಳೆಯದು ಮೇಯಲು ಎದ್ದಿದೆ, ವಾಪಸ್ ಬರುವಾಗ ಒಂದೇ ಥರದ ಗೂಡುಗಳಲ್ಲಿ ತನ್ನದು ಯಾವುದೋ ತಿಳಿಯದೆ ತಂಗಿಯ ಪಕ್ಕ ಹೋಗಿ ಸೇರಿಕೊಂಡಿದೆ. ಎಂದಿನಿಂದ ಅಂತ ಹೇಳುವವರು ಯಾರೂ ಇರಲಿಲ್ಲ. ನಾನು ಒಂದು ಮೊಟ್ಟೆಯನ್ನು ಕೈಗೆತ್ತಿಕೊಂಡೆ. ನಲ್ಲಿ ಕೆಳಗಿನ ಕಲ್ಲಿನಷ್ಟು ತಣ್ಣಗಿತ್ತು.

ಅಪ್ಪ ಬಲ್ಬು ಹಚ್ಚಿ ಬಿಸಿ ಮಾಡಿದ, ಅಂಗೈಯಲ್ಲಿ ಉಜ್ಜಿದ, ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಕಂದು ಕೋಳಿಯ ಕೆಳಗೂ ಇಟ್ಟ. ಎರಡು ದಿನದ ಮೇಲೆ ಟಾರ್ಚಿಗೆ ಹಿಡಿದರೆ ನರಗಳೆಲ್ಲ ಕರಗಿ ಕಪ್ಪು ಉಂಗುರವಾಗಿತ್ತು, ಒಳಗೆ ಮಿಸುಕಾಟವಿಲ್ಲ. ಆದರೂ ನಂಬದೆ ಒಂದನ್ನು ಒಡೆದು ನೋಡಿದ. ಕೊಕ್ಕು ಮೂಡಿತ್ತು, ರೆಕ್ಕೆಯ ಜಾಗದಲ್ಲಿ ಒದ್ದೆ ಎಳೆಗಳು ಅಂಟಿಕೊಂಡಿದ್ದವು. ಅಪ್ಪ ತಕ್ಷಣ ಅದರ ಮೇಲೆ ಬಟ್ಟೆ ಮುಚ್ಚಿದ. ಆರನ್ನೂ ನಿಂಬೆ ಗಿಡದ ಬುಡದಲ್ಲಿ ಹೂತು, ಕೈ ತೊಳೆಯದೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಅತ್ತೆಗೆ ಫೋನ್ ಮಾಡು" ಅಂದೆ.

"ಮಾಡ್ತೀನಿ."

"ಈಗ ಮಾಡು."

"ನಾಳೆ ಹೇಳ್ತೀನೇ. ಈಗ ಬಾಯಿ ಬರ್ತಿಲ್ಲ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಜ್ಜಿಗೂ ಇದೇ ನಾಳೆ ಹೇಳಿದೆಯಲ್ಲ ಅಂತಲೂ ಅಂದೆ. ಅಪ್ಪ ತಲೆಯೆತ್ತಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಕಿವಿ ಹಾಗಿರುವುದನ್ನು ನೋಡಿದ್ದೆ, ಅಷ್ಟು ವಯಸ್ಸಾದವನ ಕಿವಿ ಹಾಗಾದದ್ದನ್ನು ಅದೇ ಮೊದಲು ನೋಡಿದೆ.

ನಾಳೆ ಬರುವ ಮುಂಚೆ ಕಂದು ಕೋಳಿಯ ಮರಿಗಳು ಬಂದವು ಅಂದರೆ ತಪ್ಪಾಗುತ್ತದೆ. ಬೇಕಾದಷ್ಟು ನಾಳೆಗಳು ಬಂದುಹೋದವು, ಅಪ್ಪ ಹೇಳಲಿಲ್ಲ ಅಷ್ಟೇ. ಕಂದು ಕೋಳಿಯ ಗೂಡಿನಿಂದ ಚಿಂವ್ ಚಿಂವ್ ಕೇಳಿಸಿದ ದಿನವೇ ಅತ್ತೆಯ ಫೋನು.

"ಇವತ್ತೋ ನಾಳೆಯೋ ಆಗ್ಬೇಕಲ್ಲ. ಮರಿ ಬಂದ್ವಾ?"

ಅಪ್ಪ ಹಿತ್ತಿಲಲ್ಲಿ ನಿಂತಿದ್ದ, ಕಾಲ ಬಳಿಯ ಗೂಡಿನಲ್ಲಿ ಮರಿಗಳು ಕೂಗುತ್ತಿದ್ದವು. "ಬಂದ್ವು ಅಕ್ಕಾ" ಅಂದ. ಅದು ಸುಳ್ಳಲ್ಲ ಅಂತ ಒಂದು ಗಳಿಗೆ ಅವನಿಗೂ ಅನ್ನಿಸಿರಬೇಕು. ಎಷ್ಟು ಅಂತ ಅತ್ತೆ ಕೇಳಿದಳು. "ಆರು" ಅಂದ. ಅಲ್ಲಿಗೆ ಸುಳ್ಳಿನ ಹೊಂಡಕ್ಕೆ ಪೂರ್ತಿ ಇಳಿದಂತಾಯಿತು.

ನಮ್ಮ ಹುಂಜ ಸಿಲ್ಕಿ. ಅದರ ಮರಿಗಳ ಕಾಲಿನಲ್ಲಿ ಐದು ಬೆರಳು ಬಾರದಿರುವುದು ಅಪರೂಪ. ಅಪ್ಪ ಸೂಜಿಯ ಕಣ್ಣು ನೋಡುವ ಭೂತಗನ್ನಡಿ ಹಿಡಿದು, ಕೆಲಸದ ಮೇಜಿನ ಮೇಲೆ ಒಂದೊಂದೇ ಮರಿಯನ್ನು ಅಂಗಾತ ಹಿಡಿದು ಬೆರಳೆಣಿಸಿದ. ನಾಲ್ಕಿರುವುದೊಂದಾದರೂ ಸಿಗಲಿ ಎಂದು ಎಲ್ಲವನ್ನೂ ಎರಡೆರಡು ಸಲ ಎಣಿಸಿದ. ಒಂದೂ ಸಿಗಲಿಲ್ಲ. ಕೊನೆಗೆ ಕಾಲಿನ ಮೇಲೆ ಕೂದಲು ತೀರ ಕಡಿಮೆಯಿದ್ದ, ಕಾಲಿನ ಬಣ್ಣವೂ ಅಷ್ಟು ಕಪ್ಪಲ್ಲದ ಆರನ್ನು ಆರಿಸಿ ಚಪ್ಪಲಿ ಡಬ್ಬಿಗೆ ಹಾಕಿದ.

"ಯಾರು ಕೋಳಿಮರಿ ಬೆರಳು ಎಣಿಸ್ತಾರೆ ಹೇಳು" ಅಂದ.

"ನೀನು ಎಣಿಸಿದ್ಯಲ್ಲ" ಅಂದೆ.

ನಾನೇ ಅವನ ಜೊತೆ ಹೋದೆ. ಒಬ್ಬನನ್ನೇ ಕಳಿಸಿದರೆ ದಾರಿಯಲ್ಲಿ ಇನ್ನೇನು ಕತೆ ಕಟ್ಟುತ್ತಾನೋ ಎಂಬ ಭಯ. ಅಲ್ಲಿಯಾದರೂ ಬಾಯಿಬಿಟ್ಟಾನು ಎಂಬ ಆಸೆಯೂ ಇತ್ತು. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಬಲ್ಬು ಕಟ್ಟಿ, ಡಬ್ಬದಲ್ಲಿ ಬೆಚ್ಚಗಿನ ಜಾಗ ಮಾಡಿಟ್ಟಿದ್ದಳು. ಒಂದು ಮರಿಯನ್ನು ಅಂಗೈಗೆ ತೆಗೆದುಕೊಂಡು ಹೊಟ್ಟೆ ಮೇಲಾಗಿ ತಿರುಗಿಸಿದಳು. ಅವಳ ಹೆಬ್ಬೆರಳು ಮರಿಯ ಕಾಲಿನ ಮೇಲೆ ಹರಿದು, ಅಲ್ಲೇ ನಿಂತಿತು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಚೆನ್ನಾಗಿವೆ" ಅಂದಳು ಅತ್ತೆ. ಮರಿಯನ್ನು ಡಬ್ಬದಲ್ಲಿ ಬಿಟ್ಟು, ಕೈ ತೊಳೆದು, ನಮಗೆ ಕಾಫಿ ಇಟ್ಟಳು.

ಹೊರಗೆ ಬಂದ ಮೇಲೆ ಅಪ್ಪ, "ನೋಡ್ಲೇ ಇಲ್ಲ" ಎಂದು ಉಸಿರು ಬಿಟ್ಟ. ನೋಡಿದಳು ಎಂದು ನನಗನ್ನಿಸಿತ್ತು, ಆದರೆ ನೋಡಿದವಳು ಸುಮ್ಮನಿರುತ್ತಾಳೆಯೇ ಎಂದು ನಾನೇ ಅನುಮಾನಿಸಿದೆ.

ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿತು. ತಾಯಿಯ ಕೋಳಿಗಳ ವಂಶ ಉಳಿಸಿದ ಮಗ! ಟೀ ಅಂಗಡಿಯಲ್ಲಿ ಅಪ್ಪ ಕೊಚ್ಚಿಕೊಳ್ಳದಿದ್ದರೂ ಬೇರೆಯವರೇ ಅವನ ಪರವಾಗಿ ಕೊಚ್ಚಿಕೊಳ್ಳತೊಡಗಿದರು. ಅವನ ಜೊತೆ ಓದಿದ ಸೈಕಲ್ ಅಂಗಡಿಯವನು ಬೆನ್ನು ತಟ್ಟಿ, "ಅಮ್ಮನ ಋಣ ತೀರಿಸಿಬಿಟ್ಯಲ್ಲೋ" ಅಂದಾಗ ಅಪ್ಪ ಅರ್ಧ ಟೀ ಅಲ್ಲೇ ಬಿಟ್ಟ. ಎದ್ದು ಬಂದವನು ಮತ್ತೆ ಆ ಅಂಗಡಿಯ ಕಡೆ ಹೋಗಲಿಲ್ಲ. ಮೊಟ್ಟೆ ತಂದವರನ್ನು, "ಈಗ ಕೂರ್ತಿಲ್ಲ" ಎಂದು ವಾಪಸ್ ಕಳಿಸುತ್ತಿದ್ದ. ಹಿತ್ತಿಲಲ್ಲಿ ನಾಲ್ಕು ನಾಲ್ಕು ಕೋಳಿ ಕೂತಿರುತ್ತಿದ್ದವು.

ಇನ್ನೊಂದು ವಿಚಿತ್ರ ನಡೆಯಿತು. ಅಪ್ಪ ಮಿಷನ್ನುಗಳನ್ನು ಹೇಳಿದ ದಿನಕ್ಕೆ ಕೊಡತೊಡಗಿದ. ಒಬ್ಬ ಟೈಲರ್ ಗಾಬರಿಯಾಗಿ ನನ್ನನ್ನು ಪಕ್ಕಕ್ಕೆ ಕರೆದು, "ಮೇಸ್ತ್ರಿಗೆ ಹುಷಾರಿಲ್ವಾ?" ಎಂದು ಕೇಳಿದ. ಹುಷಾರಿರಲಿಲ್ಲ ಅಂತಲೇ ಹೇಳಬೇಕು. ಮನುಷ್ಯ ನಾಚಿಕೆಯಿಂದ ಒಳಗೊಳಗೇ ಸವೆಯುತ್ತಿದ್ದ. ಮಾಡಬೇಕಾದ ಒಂದು ಕೆಲಸವನ್ನು ಬಿಟ್ಟು ಉಳಿದೆಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದ. ಅತ್ತೆಯ ಮನೆಯ ಕಡೆ ತಲೆ ಹಾಕಲಿಲ್ಲ. ಅವಳ ಫೋನ್ ಬಂದರೆ ನನ್ನ ಕೈಗೆ ಕೊಡುತ್ತಿದ್ದ. "ಮರಿ ಹೇಗಿವೆ ಅತ್ತೆ?" ಎಂದು ನಾನು ಕೇಳಿದರೆ, "ಬೆಳೀತಿವೆ" ಎಂಬಷ್ಟೇ ಉತ್ತರ. ಬೆಳೆಯುತ್ತವೆ ಎಂಬುದೇ ಅಪ್ಪನ ಚಿಂತೆ. ತುಪ್ಪಳ ಬರುತ್ತದೆ, ಕಾಲಿಗೆ ಕೂದಲು ಬರುತ್ತದೆ. ಬೆರಳು ಎಣಿಸದಿದ್ದರೂ ಕುರುಡರಿಗೂ ಗೊತ್ತಾಗುತ್ತದೆ.

ತಿಂಗಳುಗಳು ಕಳೆದವು. ಒಂದು ಶನಿವಾರ ಅತ್ತೆ ಅಮ್ಮನ ಫೋನಿಗೆ ಕರೆ ಮಾಡಿ, ಅಪ್ಪನಿಗೇ ಕೊಡು ಅಂದಳು.

"ನೀನು ಕೊಟ್ಟದ್ದರಲ್ಲಿ ಒಂದು ಕಾವಿಗೆ ಕೂತಿದೆ. ನಾಳೆ ಬಂದು ನೋಡು."

ಅಜ್ಜಿಯ ಕೋಳಿ ಕಾವಿಗೆ ಕೂರುವುದಿಲ್ಲ. ಅದು ಅತ್ತೆಗೂ ಗೊತ್ತು, ಅಪ್ಪನಿಗೂ ಗೊತ್ತು. ಅಪ್ಪ ಫೋನ್ ಕೆಳಗಿಟ್ಟು ಬೆವರು ಒರೆಸಿಕೊಂಡ. "ನಾಳೆ ಹೇಳಿಬಿಡ್ತೀನಿ" ಅಂದ. ಈ ಸಲ ನಾನು ಬೈಯಲಿಲ್ಲ.

ಭಾನುವಾರ ಬಸ್ಸಿನಲ್ಲಿ ಉದ್ದಕ್ಕೂ ತುಟಿ ಅಲ್ಲಾಡಿಸುತ್ತಾ ಕೂತಿದ್ದ. ಎರಡು ಸಲ ನಮ್ಮದಲ್ಲದ ನಿಲ್ದಾಣದಲ್ಲಿ ಇಳಿಯಲು ಎದ್ದ, ಅಂಗಿ ಹಿಡಿದು ಕೂರಿಸಿದೆ. "ಇನ್ಮೇಲೆ ಮುಖ ನೋಡಲ್ಲ ಅಂದ್ರೆ ಏನೇ ಮಾಡೋದು? ನಂಗಿರೋಳು ಅವಳೊಬ್ಳೇ" ಅಂದ.

ಅತ್ತೆ ಬಾಗಿಲು ತೆರೆದಳು. ಅಪ್ಪ ಚಪ್ಪಲಿಯನ್ನೂ ಬಿಡದೆ, ಹೊಸ್ತಿಲಲ್ಲೇ ನಿಂತು ಹೇಳಿದ.

"ಅಕ್ಕಾ, ಅವು ಅಮ್ಮನ ಕೋಳಿ ಅಲ್ಲ. ನೀನು ಕೊಟ್ಟ ಮೊಟ್ಟೆ ಸತ್ತುಹೋದ್ವು. ಕೋಳಿ ಬೇರೆ ಗೂಡಿಗೆ ಹೋಗಿ ಕೂತಿತ್ತು, ನಾನು ನೋಡ್ಲಿಲ್ಲ. ಮೂರು ದಿನ ನೋಡ್ಲಿಲ್ಲ. ನಮ್ಮ ಕೋಳಿ ಮರಿ ತಂದು ಅಮ್ಮನದು ಅಂತ ಕೊಟ್ಟೆ." ಅಷ್ಟು ಹೇಳಿ, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಗೊತ್ತು" ಅಂದಳು ಅತ್ತೆ. "ತಂದ ದಿನವೇ ಕಾಲು ನೋಡಿದ್ದೆ."

"ಮತ್ತೆ ಆವತ್ತೇ ಯಾಕೆ ಅನ್ಲಿಲ್ಲ?"

"ನೀನು ಹೇಳ್ಬೇಕಾದ್ದನ್ನ ನಾನ್ಯಾಕೆ ಹೇಳ್ಲಿ? ಯಾವಾಗ ಬರ್ತೀಯ ಅಂತ ಕಾದೆ. ಬರ್ಲಿಲ್ಲ. ನಾನೇ ಕರೆದೆ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇರಬಾರದೇ ಅಂತ ನನಗೇ ಅನ್ನಿಸಿತು. "ಚಪ್ಪಲಿ ಬಿಟ್ಟು ಒಳಗೆ ಬಾ."

ಹಿಂದಿನ ಅಂಗಳಕ್ಕೆ ಕರೆದೊಯ್ದಳು. ಗೂಡಿಗೆ ಹೊಸ ತಂತಿಬಲೆ ಬಿಗಿದಿತ್ತು, ಬಾಗಿಲಿಗೆ ಬೀಗ. ಒಳಗೆ ನಮ್ಮ ಸಿಲ್ಕಿಯ ಮರಿಗಳು, ಈಗ ಕೊಬ್ಬಿದ ಕೋಳಿಗಳಾಗಿ, ಕೂದಲ ಕಾಲೆಳೆಯುತ್ತ ನಡೆದಾಡುತ್ತಿದ್ದವು. ಅವುಗಳ ನಡುವೆ ಕೆದಕುತ್ತಿದ್ದ ಬೇರೆ ಕೆಲವನ್ನು ನೋಡಿ ಅಪ್ಪ ತಂತಿಬಲೆ ಹಿಡಿದು ನಿಂತ. ಮೈತುಂಬ ಚುಕ್ಕೆ, ಹಳದಿ ಕಾಲು. ಎಂಟೋ ಒಂಬತ್ತೋ ಇದ್ದವು, ಒಂದು ಎಳೆ ಹುಂಜವೂ ಇತ್ತು.

"ಇವು?"

"ಅಮ್ಮನವೇ."

"ಎಲ್ಲಿಂದ ಬಂದ್ವು ಅಕ್ಕಾ?"

"ಮೊಟ್ಟೆ ಹದಿನೆಂಟು ಇದ್ವು. ಹನ್ನೆರಡನ್ನ ಈ ಓಣಿಯ ಇಸ್ತ್ರಿಯವಳ ಮನೆ ಕೋಳಿ ಕೆಳಗೆ ಇಟ್ಟೆ. ಆರು ನಿಂಗೆ ತಂದೆ."

ಅಪ್ಪನ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ. ಉಳಿದಿವೆ! ಅಜ್ಜಿಯ ಕೋಳಿ ಉಳಿದಿವೆ! ತುಟಿ ನಗಲು ತೆರೆದುಕೊಂಡಿತ್ತು. ಆಮೇಲೆ ಲೆಕ್ಕ ಹೊಳೆದಿರಬೇಕು, ತುಟಿ ಹಾಗೇ ನಿಂತಿತು.

"ನಂಗೆ ಆರೇ ಯಾಕೆ ತಂದೆ?"

ಅತ್ತೆ ಸೆರಗಿನಿಂದ ಬೀಗದ ಕೈ ಬಿಚ್ಚುತ್ತಿದ್ದಳು. ತಲೆಯೆತ್ತದೆ ಹೇಳಿದಳು.

"ಹೋದ್ರೂ ತಡ್ಕೊಬಹುದು ಅನ್ನೋಷ್ಟು ನಿಂಗೆ ಕೊಟ್ಟೆ."

ಅಪ್ಪ ಬಲೆಯ ಮೇಲಿನ ಕೈ ತೆಗೆಯಲಿಲ್ಲ. ಅವನು ಬಸ್ಸಿನಲ್ಲಿ ಬೈಗುಳಕ್ಕೆ ತಯಾರಾಗಿ ಬಂದಿದ್ದ, ಹೊಡೆದರೆ ಕೆನ್ನೆ ಕೊಟ್ಟು ನಿಲ್ಲಲು ತಯಾರಾಗಿದ್ದ. ಇದಕ್ಕೆ ತಯಾರಾಗಿರಲಿಲ್ಲ. ನಾನು ಅವನ ಮಗಳು, ಅವನ ಮೇಲೆ ಎಷ್ಟು ರೇಗಿದ್ದೇನೋ ಲೆಕ್ಕವಿಲ್ಲ. ಆದರೂ ಆ ಮಾತು ಕೇಳಿ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಅವನ ಪರವಾಗಿ ನನಗೆ.

"ಹಾಗಾದ್ರೆ ಕೊಟ್ಟಿದ್ದಾದ್ರೂ ಯಾಕಕ್ಕಾ?" ಎಂದು ಕೇಳಿದ. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿ.

"ಅಮ್ಮನದು ಅಂತ ಒಂದು ಕೆಲಸವಾದ್ರೂ ನೀನು ಮಾಡಿದೆ ಅಂತ ಇರ್ಲಿ ಅಂತ."

ಅತ್ತೆ ಗೂಡಿನ ಬಾಗಿಲು ತೆರೆದು ಒಳಗೆ ಹೋದಳು. ಮೂಲೆಯ ಬುಟ್ಟಿಯಲ್ಲಿ ನಮ್ಮ ಹುಂಜದ ಬೂದು ಮಗಳು ಮೈಯುಬ್ಬಿಸಿ ಕೂತಿತ್ತು. ಅತ್ತೆ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿ ತೋರಿಸಿದಳು. ಚುಕ್ಕೆ ಕೋಳಿಯ ಮೊಟ್ಟೆಗಳು, ಬೆಚ್ಚಗೆ.

"ಒಳ್ಳೆ ಕೋಳಿ. ಗಟ್ಟಿಯಾಗಿ ಕೂರುತ್ತೆ" ಅಂದಳು. "ಆದ್ರೂ ದಿನಾ ಎತ್ತಿ ನೋಡ್ತೀನಿ."

ಆವತ್ತು ಅಪ್ಪ ಅಲ್ಲಿ ಊಟ ಮಾಡಿದ. ತಟ್ಟೆ ಬಿಟ್ಟು ತಲೆಯೆತ್ತಲಿಲ್ಲ. ಅತ್ತೆ ಎರಡನೆಯ ಸಲ ಬಡಿಸಿದಾಗ ಬೇಡ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತ. ನಾನು ಎರಡು ಸೀಟು ಹಿಂದೆ ಕೂತೆ, ಅವನು ಅಳಬೇಕೆಂದರೆ ಅಳಲಿ ಅಂತ.

ಈಗ ಪ್ರತಿ ಭಾನುವಾರ ಅಪ್ಪ ಆ ಬಸ್ಸು ಹತ್ತುತ್ತಾನೆ. ಮಳೆಯಿರಲಿ, ಜ್ವರವಿರಲಿ, ತಪ್ಪಿಸಿಲ್ಲ. ಗೂಡು ಗುಡಿಸುತ್ತಾನೆ, ಹುಲ್ಲು ಬದಲಿಸುತ್ತಾನೆ, ನೀರಿನ ತಟ್ಟೆ ಉಜ್ಜುತ್ತಾನೆ, ತಂತಿ ಸಡಿಲವಾಗಿದ್ದರೆ ಬಿಗಿಯುತ್ತಾನೆ. ಅತ್ತೆ ಹೊಸ್ತಿಲಲ್ಲಿ ಕೂತು ಆಸ್ಪತ್ರೆಯ ಸುದ್ದಿ ಹೇಳುತ್ತಾಳೆ, ಅಪ್ಪ ಹ್ಞೂಂಗುಟ್ಟುತ್ತಾನೆ. ಕೆಲಸವೆಲ್ಲ ಮುಗಿದ ಮೇಲೆ ಅವನು ಗೂಡಿನಿಂದ ಹೊರಗೆ ಬಂದು ಪಕ್ಕಕ್ಕೆ ನಿಲ್ಲುತ್ತಾನೆ, ಅವಳು ಬುಟ್ಟಿ ಹಿಡಿದು ಒಳಗೆ ಹೋಗುತ್ತಾಳೆ. ಮೊಟ್ಟೆಯನ್ನು ಮಾತ್ರ ಇವತ್ತಿಗೂ ಅತ್ತೆಯೇ ಎತ್ತುತ್ತಾಳೆ.